ಅನಂತಕ್ಕೆ ಹಾಕಿದ ಮಿತಿ: ಟೋಪಾಲಜಿಯ ಒಂದು ಪ್ರಶ್ನೆ ನಡೆದ ಹಾದಿ

ಒಂದು ಟೋಪಾಲಜಿ ಸ್ಪೇಸ್‌ನಲ್ಲಿ ಎಷ್ಟು ಬಿಂದುಗಳಿರಬಹುದು? ಈ ಪ್ರಶ್ನೆಗೆ 1923ರಲ್ಲಿ ರಷ್ಯಾದ ಪಾವೆಲ್ ಅಲೆಕ್ಸಾಂದ್ರೊವ್ ಮತ್ತು ಪಾವೆಲ್ ಉರಿಸೊನ್ ಖಚಿತ ರೂಪ ಕೊಟ್ಟರು. ಸ್ಪೇಸ್ ಕಾಂಪ್ಯಾಕ್ಟ್ ಮತ್ತು ಹೌಸ್‌ಡಾರ್ಫ್ ಆಗಿರಲಿ. ಅದು ‘ಫಸ್ಟ್ ಕೌಂಟಬಲ್’ ಕೂಡ ಆಗಿರಲಿ, ಅಂದರೆ ಪ್ರತಿ ಬಿಂದುವಿನ ಆಸುಪಾಸನ್ನು ವಿವರಿಸಲು ಎಣಿಸಬಹುದಾದಷ್ಟು ತೆರೆದ ಗಣಗಳು ಸಾಕಾಗಲಿ. ಆಗ ಅದರ ಬಿಂದುಗಳ ಸಂಖ್ಯೆ ವಾಸ್ತವ ಸಂಖ್ಯೆಗಳ ಸಂಖ್ಯೆಯನ್ನು, ಅಂದರೆ ಕಂಟಿನ್ಯೂಅಮ್ ಅನ್ನು, ಮೀರದೆ ಇರುತ್ತದೆಯೇ? ಮರುವರ್ಷವೇ ಉರಿಸೊನ್ ಫ್ರಾನ್ಸಿನ ಕಡಲಲ್ಲಿ ಮುಳುಗಿ ತೀರಿಕೊಂಡರು. ಆಗ ಅವರಿಗೆ 26 ವರ್ಷ. ಪ್ರಶ್ನೆ ಮಾತ್ರ 46 ವರ್ಷ ಉತ್ತರವಿಲ್ಲದೆ ಉಳಿಯಿತು.

ಕಷ್ಟ ಎಲ್ಲಿತ್ತು? ಎಣಿಸಬಹುದಾದ ಉಪಗಣವೊಂದು ಸ್ಪೇಸ್‌ನಲ್ಲೆಲ್ಲ ದಟ್ಟವಾಗಿ ಹರಡಿದ್ದರೆ ಉತ್ತರ ಸುಲಭ. ಆಗ ಪ್ರತಿ ಬಿಂದುವನ್ನೂ ಆ ಉಪಗಣದ ಒಂದು ಅನುಕ್ರಮ ಹೋಗಿ ಸೇರುತ್ತದೆ, ಅಂಥ ಅನುಕ್ರಮಗಳು ಕಂಟಿನ್ಯೂಅಮ್‌ನಷ್ಟೇ. ಫಸ್ಟ್ ಕೌಂಟಬಲ್ ಎಂಬ ಷರತ್ತನ್ನು ಕೈಬಿಟ್ಟರೆ ಈ ಲೆಕ್ಕ ಮುರಿದುಬೀಳುತ್ತದೆ. ಸ್ವಾಭಾವಿಕ ಸಂಖ್ಯೆಗಳ ಸ್ಟೋನ್–ಚೆಕ್ ವಿಸ್ತರಣೆಯಲ್ಲಿ ಆ ಸಂಖ್ಯೆಗಳೇ ದಟ್ಟವಾಗಿ ಹರಡಿವೆ. ಆದರೂ ಅದರ ಬಿಂದುಗಳು ಕಂಟಿನ್ಯೂಅಮ್‌ನ ಉಪಗಣಗಳಷ್ಟಿವೆ ಎಂದು ಪೋಸ್ಪಿಶಿಲ್ 1937ರಲ್ಲಿ ತೋರಿಸಿದರು. ಇನ್ನು, ಅಂಥ ದಟ್ಟ ಉಪಗಣವೇ ಇಲ್ಲದ ಕಾಂಪ್ಯಾಕ್ಟ್ ಸ್ಪೇಸ್‌ಗಳೂ ಇವೆ. ನಿಜವಾದ ತೊಡಕು ಅಲ್ಲಿತ್ತು.

1960ರ ದಶಕದಲ್ಲಿ ದಾರಿ ಹದವಾಯಿತು. 1965ರಲ್ಲಿ ಡಿ ಗ್ರೂಟ್ ಬಿಂದುಗಳ ಸಂಖ್ಯೆಗೆ ಒಂದು ಮಿತಿ ಕೊಟ್ಟರು. ಒಂದನ್ನೊಂದು ಮುಟ್ಟದ ತೆರೆದ ಗಣಗಳು ಎಣಿಸಬಹುದಾದಷ್ಟಕ್ಕಿಂತ ಹೆಚ್ಚಿರದ, ಫಸ್ಟ್ ಕೌಂಟಬಲ್ ಹೌಸ್‌ಡಾರ್ಫ್ ಸ್ಪೇಸ್ ಕಂಟಿನ್ಯೂಅಮ್ ದಾಟುವುದಿಲ್ಲ ಎಂದು 1967ರಲ್ಲಿ ಹಂಗೇರಿಯ ಹೈನಲ್ ಮತ್ತು ಯುಹಾಸ್ ಸಾಧಿಸಿದರು. 1969ರಲ್ಲಿ ಅಲೆಕ್ಸಾಂದ್ರೊವ್ ಅವರ ಶಿಷ್ಯ ಅರ್ಹಾಂಗೆಲ್‌ಸ್ಕಿ ಗುರುಗಳ ಹಳೆಯ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಕೊಟ್ಟರು. ಕಾಂಪ್ಯಾಕ್ಟ್ ಆಗಿರಬೇಕೆಂದೂ ಇಲ್ಲ, ಲಿಂಡೆಲೋಫ್ ಆಗಿದ್ದರೆ ಸಾಕು, ಅಂದರೆ ಸ್ಪೇಸನ್ನು ಮುಚ್ಚುವ ಯಾವುದೇ ತೆರೆದ ಗಣಗಳಲ್ಲಿ ಎಣಿಸಬಹುದಾದಷ್ಟೇ ಅದನ್ನು ಮುಚ್ಚಿದರೆ ಸಾಕು ಎಂದೂ ತೋರಿಸಿದರು. ಗುರುಗಳು ಈ ಉತ್ತರವನ್ನು ಕಣ್ಣಾರೆ ಕಂಡರು.

1974ರಲ್ಲಿ ಪೋಲ್ ಮತ್ತು ಶಪಿರೋವ್‌ಸ್ಕಿ ಈ ಸಾಧನೆಯನ್ನು ಬಹಳ ಸರಳಗೊಳಿಸಿದರು. ಒಂದು ಬಿಂದುವಿನಿಂದ ಹೊರಟು, ಮೊದಲ ಎಣಿಸಲಾಗದ ಆರ್ಡಿನಲ್‌ನಷ್ಟು ಹಂತಗಳಲ್ಲಿ ಒಂದು ಉಪಗಣವನ್ನು ಬೆಳೆಸಬೇಕು. ಪ್ರತಿ ಹಂತದಲ್ಲೂ ಎರಡು ಕೆಲಸ. ಈವರೆಗಿನ ಬಿಂದುಗಳ ಅನುಕ್ರಮಗಳು ಹೋಗಿ ಸೇರುವ ಬಿಂದುಗಳನ್ನೆಲ್ಲ ಒಳಗೆ ತರುವುದು ಮೊದಲನೆಯದು. ಆ ಬಿಂದುಗಳ ಸುತ್ತಲಿನ ಆಯ್ದ ತೆರೆದ ಗಣಗಳಲ್ಲಿ ಎಣಿಸಬಹುದಾದಷ್ಟನ್ನು ಎತ್ತಿಕೊಂಡಾಗ ಅವು ಇಡೀ ಸ್ಪೇಸನ್ನು ಮುಚ್ಚದಿದ್ದರೆ, ಹೊರಗುಳಿದ ಒಂದು ಬಿಂದುವನ್ನು ಸೇರಿಸುವುದು ಎರಡನೆಯದು. ಯಾವ ಹಂತದಲ್ಲೂ ಗಾತ್ರ ಕಂಟಿನ್ಯೂಅಮ್ ಮೀರುವುದಿಲ್ಲ. ಕೊನೆಗೆ ಸಿಗುವ ಉಪಗಣ ಮುಚ್ಚಿದ ಗಣ. ಅದರ ಹೊರಗೆ ಒಂದು ಬಿಂದು ಉಳಿದಿದೆ ಎನ್ನೋಣ. ಸ್ಪೇಸ್ ಲಿಂಡೆಲೋಫ್ ಆದ್ದರಿಂದ, ಆ ಬಿಂದುವನ್ನು ತಪ್ಪಿಸುವ ಎಣಿಸಬಹುದಾದಷ್ಟು ತೆರೆದ ಗಣಗಳಿಂದ ಉಪಗಣವನ್ನು ಪೂರ್ತಿ ಮುಚ್ಚಬಹುದು. ಆ ಗಣಗಳೆಲ್ಲ ಯಾವುದೋ ಒಂದು ಹಂತದೊಳಗೇ ಬಂದಿರುತ್ತವೆ. ಹಾಗಾದರೆ ಮುಂದಿನ ಹಂತದಲ್ಲಿ ಅವುಗಳ ಹೊರಗಿನ ಬಿಂದುವೊಂದು ಉಪಗಣಕ್ಕೆ ಸೇರಿರಲೇಬೇಕು. ಇದು ವೈರುಧ್ಯ. ಆದ್ದರಿಂದ ಹೊರಗೆ ಏನೂ ಉಳಿದಿಲ್ಲ, ಉಪಗಣವೇ ಇಡೀ ಸ್ಪೇಸ್.

ಮುಂದಿನ ಕೆಲಸ ಬಹುಪಾಲು ಈ ಯುಕ್ತಿಯ ಮೇಲೆಯೇ ನಿಂತಿತು. ನಾರ್ಮಲ್ ಸ್ಪೇಸ್‌ಗಳಿಗೆ ಲಿಂಡೆಲೋಫ್ ಷರತ್ತನ್ನೂ ಸಡಿಲಿಸಬಹುದು ಎಂದು ಬೆಲ್, ಗಿನ್ಸ್‌ಬರ್ಗ್, ವುಡ್ಸ್ 1978ರಲ್ಲಿ ತೋರಿಸಿದರು. 1988ರಲ್ಲಿ ಅಲನ್ ಡೌ ಇದೇ ಯುಕ್ತಿಯನ್ನು ತರ್ಕಶಾಸ್ತ್ರದ ಎಲಿಮೆಂಟರಿ ಸಬ್‌ಮಾಡೆಲ್‌ಗಳ ಭಾಷೆಯಲ್ಲಿ ವಿವರಿಸಿದರು. ಅರ್ಹಾಂಗೆಲ್‌ಸ್ಕಿ ಎತ್ತಿದ ಇನ್ನೊಂದು ಪ್ರಶ್ನೆ ಮಾತ್ರ ಹಟ ಹಿಡಿಯಿತು: ಫಸ್ಟ್ ಕೌಂಟಬಲ್ ಬದಲು, ಪ್ರತಿ ಬಿಂದುವೂ ಎಣಿಸಬಹುದಾದಷ್ಟು ತೆರೆದ ಗಣಗಳ ಛೇದನ ಎಂದಷ್ಟೇ ಇದ್ದರೆ? ಲಿಂಡೆಲೋಫ್ ಸ್ಪೇಸ್ ಆಗ ಕಂಟಿನ್ಯೂಅಮ್ ಅನ್ನು ಮೀರಬಹುದು ಎನ್ನುವುದು ಗಣಸಿದ್ಧಾಂತದ ರೂಢಿಯ ಸ್ವಯಂಸಿದ್ಧಗಳಿಗೆ ವಿರುದ್ಧವಲ್ಲ ಎಂದು ಶೆಲಾ ತೋರಿಸಿದರು. 1993ರಲ್ಲಿ ಗೊರೆಲಿಕ್ ಅದನ್ನು ಮುಂದುವರಿಸಿದರು.

ನನ್ನ ಮಟ್ಟಿಗೆ ಈ ಕ್ಷೇತ್ರದ ದೊಡ್ಡ ಗಳಿಕೆ 1969ರ ಉತ್ತರಕ್ಕಿಂತಲೂ ಅದರಿಂದ ಹುಟ್ಟಿದ ವಿಧಾನ. ಎಂ.ಎಸ್ಸಿ. ಮಟ್ಟದ ಟೋಪಾಲಜಿ ಬಲ್ಲ ಯಾರಾದರೂ ಈ ಸಾಧನೆಯನ್ನು ಕಾಗದ ಪೆನ್ನು ಹಿಡಿದು ತಾವೇ ಬರೆದು ನೋಡಬಹುದು. ದಯವಿಟ್ಟು ಬರೆದು ನೋಡಿ.