ಸೀಳಿನ ಅಳತೆ, ಫಲಿತಾಂಶದ ಅಳತೆ: ಉದರ ಶಸ್ತ್ರಚಿಕಿತ್ಸಾ ವಿಧಾನಗಳ ತೌಲನಿಕ ಅಧ್ಯಯನದ ಚರಿತ್ರೆ

ಉದರ ಶಸ್ತ್ರಚಿಕಿತ್ಸೆಯಲ್ಲಿ ಒಂದು ವಿಧಾನ ಮತ್ತೊಂದಕ್ಕಿಂತ ಮೇಲೆಂಬ ನಿರ್ಣಯವು ಬಹುಕಾಲ ಶಸ್ತ್ರವೈದ್ಯನ ಹೆಸರು ಮತ್ತು ಕೈಚಳಕವನ್ನೇ ಆಧಾರವಾಗಿಟ್ಟುಕೊಂಡಿತ್ತು. 1882ರಲ್ಲಿ ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್ ಮೊದಲ ಬಾರಿಗೆ ಪಿತ್ತಕೋಶವನ್ನು ಇಡಿಯಾಗಿ ತೆಗೆದಾಗ ರೋಗಿ ಬದುಕಿ ಉಳಿದದ್ದೇ ಸಾಕಷ್ಟು ದೊಡ್ಡ ಫಲಿತಾಂಶವಾಗಿತ್ತು. ರೋಗಿಗಳನ್ನು ಮನೆಗೆ ಕಳಿಸಿದ ಮೇಲೂ ಗಮನಿಸುತ್ತಿದ್ದು, ಚಿಕಿತ್ಸೆ ನಿಜಕ್ಕೂ ಫಲಿಸಿತೇ ಎಂಬುದನ್ನು ದಾಖಲಿಸಿ ಪ್ರಕಟಿಸಬೇಕೆಂದು ಬಾಸ್ಟನ್ನಿನ ಅರ್ನೆಸ್ಟ್ ಕಾಡ್‌ಮನ್ 20ನೇ ಶತಮಾನದ ಎರಡನೆಯ ದಶಕದಲ್ಲಿ ವಾದಿಸಿದರು. 1911ರಿಂದ 1916ರವರೆಗೆ ತಮ್ಮದೇ ಆಸ್ಪತ್ರೆಯಿಂದ ಬಿಡುಗಡೆಯಾದ 337 ರೋಗಿಗಳ ವಿಷಯದಲ್ಲಿ 123 ದೋಷಗಳಾಗಿವೆಯೆಂದು ಅವರು ಬಹಿರಂಗವಾಗಿ ಲೆಕ್ಕ ಒಪ್ಪಿಸಿದರಾದರೂ, ಸಹೋದ್ಯೋಗಿಗಳಿಂದ ದೊರೆತದ್ದು ಮೆಚ್ಚುಗೆಗಿಂತ ಹೆಚ್ಚಾಗಿ ಮುನಿಸು.

ತುಲನೆಯ ಪ್ರಶ್ನೆ ತೀವ್ರವಾದದ್ದು ಉದರದರ್ಶಕ ವಿಧಾನ, ಅಂದರೆ ಲ್ಯಾಪರೋಸ್ಕೋಪಿ, ಬಳಕೆಗೆ ಬಂದ ಮೇಲೆ. ಹೊಟ್ಟೆಯೊಳಗೆ ಅನಿಲ ತುಂಬಿ ಜಾಗ ಮಾಡಿಕೊಂಡು, ಸಣ್ಣ ರಂಧ್ರಗಳ ಮೂಲಕ ದರ್ಶಕವನ್ನೂ ಉಪಕರಣಗಳನ್ನೂ ಒಳಗೆ ಸೇರಿಸಿ ಕೆಲಸ ಮಾಡುವ ಕ್ರಮವಿದು. ಇದರ ಬೇರುಗಳು 1901ರಲ್ಲಿ ಗೇಯೋರ್ಗ್ ಕೆಲಿಂಗ್ ನಾಯಿಯ ಮೇಲೆ ನಡೆಸಿದ ಪ್ರಯೋಗದಲ್ಲಿಯೂ 1910ರಲ್ಲಿ ಸ್ಟಾಕ್‌ಹೋಮಿನ ಯಾಕೋಬೇಯಸ್ ಮನುಷ್ಯರಲ್ಲಿ ನಡೆಸಿದ ಪರೀಕ್ಷೆಗಳಲ್ಲಿಯೂ ಇವೆ. ಆದರೆ 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಈ ಕ್ರಮದಿಂದ ಪಿತ್ತಕೋಶವನ್ನು ಹೊರತೆಗೆದಾಗ ಅಲ್ಲಿನ ಶಸ್ತ್ರವೈದ್ಯರು ಅದನ್ನು ಅನುಮಾನದಿಂದಲೇ ಕಂಡರು. 1987ರಲ್ಲಿ ಲಿಯಾನ್ ನಗರದ ಫಿಲಿಪ್ ಮೂರೆ ಅದನ್ನು ಕೈಗೊಂಡ ಬಳಿಕ ಮಾತ್ರ ವಿಧಾನವು ಅತಿವೇಗದಲ್ಲಿ ಹಬ್ಬಿ, 1990ರಲ್ಲಿ ತೆಹೆಮ್‌ಟನ್ ಉದ್ವಾಡಿಯಾ ಅವರ ಮೂಲಕ ಮುಂಬಯಿಯ ಜೆ.ಜೆ. ಆಸ್ಪತ್ರೆಗೂ ಬಂದಿತು. ಈ ವೇಗಕ್ಕೆ ತಕ್ಕ ಪ್ರಮಾಣದ ಪುರಾವೆ ಆಗ ಯಾರ ಕೈಯಲ್ಲೂ ಇರಲಿಲ್ಲ. ಕಡಿಮೆ ನೋವು, ಸಣ್ಣ ಕಲೆ, ಬೇಗ ಮನೆಗೆ ಎಂಬ ಮೂರು ಭರವಸೆಗಳೇ ರೋಗಿಗಳಿಗೂ ವೈದ್ಯರಿಗೂ ಸಾಕೆನಿಸಿದವು. 1992ರ ಸೆಪ್ಟೆಂಬರಿನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಮ್ಮೇಳನವು ಹೊಸ ಕ್ರಮಕ್ಕೆ ಮನ್ನಣೆ ನೀಡುವ ಹೊತ್ತಿಗೆ ಅದು ಬಹುಮಟ್ಟಿಗೆ ರೂಢಿಯೇ ಆಗಿಬಿಟ್ಟಿತ್ತು.

ಹೀಗೆ ತಡವಾಗಿ ನಡೆದ ಪರೀಕ್ಷೆಗಳಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದ ತಂಡವು 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ವಿಶೇಷವಾಗಿ ಗಮನಾರ್ಹವಾಗಿದೆ. ಹಿಂದಿನ ಬಹುತೇಕ ಹೋಲಿಕೆಗಳು ಹೊಸ ವಿಧಾನವನ್ನು ಹಳೆಯ ಉದ್ದನೆಯ ಸೀಳಿನ ಎದುರು ನಿಲ್ಲಿಸಿದ್ದರೆ, ಈ ತಂಡವು ಅದನ್ನು ಸಣ್ಣ ಸೀಳಿನ ತೆರೆದ ಶಸ್ತ್ರಚಿಕಿತ್ಸೆಯ ಎದುರು ನಿಲ್ಲಿಸಿತು. 200 ರೋಗಿಗಳನ್ನು ಯಾದೃಚ್ಛಿಕವಾಗಿ, ಅಂದರೆ ಯಾರ ಇಷ್ಟಾನಿಷ್ಟಕ್ಕೂ ಎಡೆಯಿಲ್ಲದಂತೆ ಚೀಟಿ ಎತ್ತಿದ ರೀತಿಯಲ್ಲಿ, ಎರಡು ಗುಂಪುಗಳಿಗೆ ಹಂಚಲಾಯಿತು. ಯಾವ ವಿಧಾನ ನಡೆದಿದೆಯೆಂಬುದು ಆರೈಕೆ ಮಾಡುವವರಿಗೆ ತಿಳಿಯಬಾರದೆಂದು ಎರಡೂ ಗುಂಪುಗಳ ಹೊಟ್ಟೆಗೆ ಒಂದೇ ಬಗೆಯ ಪಟ್ಟಿ ಹಾಕಲಾಯಿತು. ಸಣ್ಣದೆನಿಸುವ ಈ ಉಪಾಯವೇ ಅಧ್ಯಯನದ ಜೀವಾಳ. ಏಕೆಂದರೆ ರೋಗಿಯನ್ನು ಎಂದು ಮನೆಗೆ ಕಳಿಸಬೇಕೆಂಬ ತೀರ್ಮಾನವು ಗಾಯವನ್ನಷ್ಟೇ ಅಲ್ಲ, ಅದನ್ನು ನೋಡುವವರ ನಿರೀಕ್ಷೆಯನ್ನೂ ಅವಲಂಬಿಸಿರುತ್ತದೆ. ಉದರದರ್ಶಕ ವಿಧಾನಕ್ಕೆ ಮಧ್ಯಾಂಕ ಲೆಕ್ಕದಲ್ಲಿ 65 ನಿಮಿಷವೂ ಸಣ್ಣ ಸೀಳಿನದಕ್ಕೆ 40 ನಿಮಿಷವೂ ಹಿಡಿದವು. ಆಸ್ಪತ್ರೆಯಲ್ಲಿ ಕಳೆದ ರಾತ್ರಿಗಳು ಎರಡರಲ್ಲೂ ಮೂರೇ ಆಗಿದ್ದವು. ಕೆಲಸಕ್ಕೆ ಮರಳುವ ಅವಧಿಯಲ್ಲಿಯೂ ಗಣನೀಯ ಅಂತರ ಕಾಣಲಿಲ್ಲ. ಇಷ್ಟಾದರೂ ಆಚರಣೆ ಬದಲಾಗಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು.

ಇಂತಹ ಪರೀಕ್ಷೆಗಳಿಗೂ ಒಂದು ಮಿತಿಯಿದೆ. ಪಿತ್ತಕೋಶ ತೆಗೆಯುವಾಗ ಯಕೃತ್ತಿನಿಂದ ಕರುಳಿಗೆ ಪಿತ್ತರಸ ಒಯ್ಯುವ ಮುಖ್ಯ ನಾಳಕ್ಕೆ ಗಾಯವಾಗುವುದು ಅಪರೂಪವಾದರೂ ರೋಗಿಯ ಮುಂದಿನ ಬದುಕನ್ನೇ ಹದಗೆಡಿಸಬಲ್ಲ ಅವಘಡ. ತೆರೆದ ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಇದು ಸಾವಿರಕ್ಕೆ ಒಂದೆರಡು ಪ್ರಕರಣಗಳಲ್ಲಿ ಸಂಭವಿಸುತ್ತಿದ್ದು, ಹೊಸ ವಿಧಾನದ ಆರಂಭದ ವರ್ಷಗಳಲ್ಲಿ ನಾಲ್ಕೈದಕ್ಕೆ ಏರಿತು. ಇನ್ನೂರು ರೋಗಿಗಳ ಅಧ್ಯಯನಕ್ಕೆ ಇಷ್ಟು ವಿರಳವಾದ ಅಪಾಯ ಗೋಚರಿಸಲಾರದು. ಸಹಸ್ರಾರು ಪ್ರಕರಣಗಳ ದಾಖಲೆಗಳಿಂದಲೇ ಅದು ಬೆಳಕಿಗೆ ಬಂದಿತು. ಯಾವುದನ್ನೂ ಕತ್ತರಿಸುವ ಮೊದಲು ಪಿತ್ತಕೋಶದೊಳಕ್ಕೆ ಹೋಗುವ ರಚನೆಗಳು ಎರಡೇ ಎಂಬುದನ್ನು ಬಿಡಿಸಿ ಕಣ್ಣಾರೆ ಖಚಿತಪಡಿಸಿಕೊಳ್ಳಬೇಕೆಂಬ, 1995ರಲ್ಲಿ ಸ್ಟ್ರಾಸ್‌ಬರ್ಗ್ ಮತ್ತು ಸಂಗಡಿಗರು ಹೆಸರಿಟ್ಟು ಪ್ರತಿಪಾದಿಸಿದ ನಿಯಮಕ್ಕೆ ಹಿನ್ನೆಲೆ ಇದೇ.

ಕ್ಯಾನ್ಸರಿನಲ್ಲಿ ಪ್ರಶ್ನೆಯ ಸ್ವರೂಪವೇ ಬೇರೆ. ಉಪಕರಣ ತೂರಿಸಿದ ರಂಧ್ರಗಳಲ್ಲಿ ಗಡ್ಡೆ ಮರುಕಳಿಸಿದ ವರದಿಗಳು 1990ರ ದಶಕದಲ್ಲಿ ಆತಂಕ ಹುಟ್ಟಿಸಿದ್ದವು. ಅಮೆರಿಕ ಮತ್ತು ಕೆನಡಾಗಳ 48 ಸಂಸ್ಥೆಗಳಲ್ಲಿ, ದೊಡ್ಡ ಕರುಳಿನ ಕ್ಯಾನ್ಸರ್ ಇದ್ದ 872 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮೂರು ವರ್ಷಗಳೊಳಗಿನ ಮರುಕಳಿಕೆ ಉದರದರ್ಶಕ ಗುಂಪಿನಲ್ಲಿ ಶೇ. 16, ತೆರೆದ ಗುಂಪಿನಲ್ಲಿ ಶೇ. 18 ಇದ್ದು, ಆ ಆತಂಕ ಬಹುಮಟ್ಟಿಗೆ ಶಮನಗೊಂಡಿತು. ಆಸ್ಪತ್ರೆವಾಸದಲ್ಲಿ ಉಳಿತಾಯವಾದದ್ದು ಒಂದು ದಿನ ಮಾತ್ರ. ಈ ಉಳಿತಾಯವೂ ಸೀಳಿನ ಗಾತ್ರದ್ದೋ, ಆರೈಕೆಯ ಕ್ರಮದ್ದೋ ಎಂಬ ಸಂದೇಹವನ್ನು ಎತ್ತಿದ್ದು ಡೆನ್ಮಾರ್ಕಿನ ಹೆನ್ರಿಕ್ ಕೆಹ್ಲೆಟ್ ರೂಪಿಸಿದ ಶೀಘ್ರ ಚೇತರಿಕೆಯ ಪದ್ಧತಿ. ರೋಗಿಗೆ ಬೇಗನೆ ಆಹಾರ ಕೊಟ್ಟು, ಬೇಗನೆ ನಡೆದಾಡಿಸಿ, ನೋವನ್ನು ಸರಿಯಾಗಿ ಹತೋಟಿಯಲ್ಲಿಡುವುದು ಅದರ ತಿರುಳು. ಎರಡು ಶಸ್ತ್ರವಿಧಾನಗಳನ್ನೂ ಎರಡು ಆರೈಕೆಗಳನ್ನೂ ಹೆಣೆದು ನಾಲ್ಕು ಗುಂಪು ಮಾಡಿದ, 2011ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಅಧ್ಯಯನದಲ್ಲಿ, ಉದರದರ್ಶಕವೂ ಶೀಘ್ರ ಚೇತರಿಕೆಯೂ ಕೂಡಿದ ಗುಂಪು 5 ದಿನಕ್ಕೆ, ತೆರೆದ ವಿಧಾನವೂ ಹಳೆಯ ಆರೈಕೆಯೂ ಇದ್ದ ಗುಂಪು 7 ದಿನಕ್ಕೆ ಮನೆ ಸೇರಿದವು.

ಸಣ್ಣ ಸೀಳೆಂದರೆ ಸದಾ ಒಳಿತೆಂಬ ನಂಬಿಕೆಗೆ ಬಲವಾದ ಪೆಟ್ಟು ಬಿದ್ದದ್ದು 2018ರಲ್ಲಿ. ಗರ್ಭಕಂಠದ ಕ್ಯಾನ್ಸರಿನ ಆರಂಭಿಕ ಹಂತದಲ್ಲಿದ್ದ 631 ಮಹಿಳೆಯರನ್ನೊಳಗೊಂಡ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ, ಗರ್ಭಕೋಶವನ್ನು ಸುತ್ತಲಿನ ಅಂಗಾಂಶದೊಡನೆ ತೆಗೆಯುವ ಶಸ್ತ್ರಚಿಕಿತ್ಸೆಯ ಬಳಿಕ, ನಾಲ್ಕೂವರೆ ವರ್ಷದ ತನಕ ರೋಗಮುಕ್ತರಾಗಿ ಉಳಿದವರ ಪ್ರಮಾಣ ತೆರೆದ ವಿಧಾನದಲ್ಲಿ ಶೇ. 96.5 ಇದ್ದರೆ ಕನಿಷ್ಠ ಸೀಳಿನ ವಿಧಾನದಲ್ಲಿ ಶೇ. 86 ಇತ್ತು. ಮೂರು ವರ್ಷಗಳ ಬದುಕುಳಿವು ಕೂಡ ಕ್ರಮವಾಗಿ ಶೇ. 99 ಮತ್ತು ಶೇ. 93.8 ಆಗಿತ್ತು. ಆಸ್ಪತ್ರೆವಾಸದ ದಿನಗಳನ್ನಷ್ಟೇ ಎಣಿಸಿದ್ದರೆ ಈ ವ್ಯತ್ಯಾಸ ಎಂದೂ ಕಾಣುತ್ತಿರಲಿಲ್ಲ. ಗರ್ಭಕೋಶವನ್ನು ಹಿಡಿದು ತಿರುಗಿಸುವ ಉಪಕರಣವೋ, ಒಳಗೆ ತುಂಬುವ ಇಂಗಾಲದ ಡೈಆಕ್ಸೈಡ್ ಅನಿಲವೋ, ಗಡ್ಡೆಯ ಭಾಗ ಹೊಟ್ಟೆಯೊಳಕ್ಕೆ ತೆರೆದುಕೊಳ್ಳುವುದೋ, ಕಾರಣದ ಬಗ್ಗೆ ಹಲವು ಊಹೆಗಳು ಮಂಡಿತವಾದವು. ಅಮೆರಿಕದ ಪ್ರಮುಖ ಕ್ಯಾನ್ಸರ್ ಮಾರ್ಗಸೂಚಿಗಳು ಈ ಶಸ್ತ್ರಚಿಕಿತ್ಸೆಗೆ ಮತ್ತೆ ತೆರೆದ ವಿಧಾನವನ್ನೇ ಪ್ರಮಾಣವೆಂದು ಎತ್ತಿಹಿಡಿದವು. ಯಂತ್ರಮಾನವನ ನೆರವಿನ ಶಸ್ತ್ರಚಿಕಿತ್ಸೆಯನ್ನು ಅದರೊಡನೆ ಹೋಲಿಸುವ ಹೊಸ ಪರೀಕ್ಷೆಯೊಂದನ್ನು ಸ್ವೀಡನ್ನಿನ ಸಂಶೋಧಕರ ಮುಂದಾಳತ್ವದಲ್ಲಿ ಕೈಗೆತ್ತಿಕೊಳ್ಳಲಾಯಿತು.