ಹಲಗೆಯ ಮೇಲೆ ಬೆಂದ ಮೀನು

ಕೆಂಡದ ಮೇಲೆ ಮರದ ಹಲಗೆ, ಹಲಗೆಯ ಮೇಲೆ ಮೀನು. ಹಲಗೆಗೆ ಬೆಂಕಿ ಹತ್ತಿಕೊಳ್ಳುವುದಿಲ್ಲವೇ ಎಂದು ಯಾರಿಗಾದರೂ ಅನಿಸೀತು. ಗುಟ್ಟಿರುವುದು ನೀರಿನಲ್ಲಿ. ಮೊದಲೇ ಚೆನ್ನಾಗಿ ನೆನೆಸಿದ ಹಲಗೆ ಬೇಗ ಉರಿಯದು. ಅದರೊಳಗಿನ ತೇವ ಹಬೆಯಾಗಿ ಮೀನು ಒಣಗದಂತೆ ಕಾಯುತ್ತದೆ. ಅಂಚಿನಲ್ಲಿ ಕರಿಯಾಗುವ ಮರದ ಹೊಗೆ ಪರಿಮಳ ಕೊಡುತ್ತದೆ. ಅಮೆರಿಕದ ಅಂಗಡಿಗಳಲ್ಲಿ ಇದಕ್ಕೆಂದೇ ಕೊಯ್ದ ಸೀಡರ್ ಮರದ ತೆಳು ಹಲಗೆಗಳು ಇಂದು ದೊರೆಯುತ್ತವೆ.

ಈ ಅಡುಗೆ ಹೊಸತೇನಲ್ಲ. ಫ್ಯಾನಿ ಫಾರ್ಮರ್ 1896ರಲ್ಲಿ ಬಾಸ್ಟನ್ನಿನಲ್ಲಿ ಪ್ರಕಟಿಸಿದ ಪಾಕಪುಸ್ತಕದಲ್ಲಿ ಓಕ್ ಹಲಗೆಯ ಮೇಲೆ ಶ್ಯಾಡ್ ಮೀನು ಬೇಯಿಸುವ ಕ್ರಮವಿದೆ. ಆದರೆ ಸೀಡರ್ ಮರಕ್ಕೂ ಸಾಲ್ಮನ್ ಮೀನಿಗೂ ಇರುವ ನಂಟು ಇನ್ನೂ ಹಳೆಯದು. ಅದು ಶಾಂತಸಾಗರದ ದಡದ ಮೂಲನಿವಾಸಿಗಳದು.

ಆ ಜನರಿಗೆ ಕೆಂಪು ಸೀಡರ್ ಕಲ್ಪವೃಕ್ಷ. ದೋಣಿ, ಮನೆ, ಪೆಟ್ಟಿಗೆಗಳು ಅದರ ಮರದಿಂದ. ಬಟ್ಟೆ, ಚಾಪೆ, ಹಗ್ಗಗಳು ತೊಗಟೆಯ ನಾರಿನಿಂದ. ಸಮುದ್ರದಿಂದ ನದಿಗೆ ಏರಿಬರುವ ಸಾಲ್ಮನ್ ಅವರ ಮುಖ್ಯ ಆಹಾರ. ಮೀನನ್ನು ಸೀಳಿ ಅಗಲಿಸಿ, ಸೀಡರ್ ಕೋಲಿನ ಸೀಳಿನಲ್ಲಿ ಸಿಕ್ಕಿಸಿ, ಆಲ್ಡರ್ ಕಟ್ಟಿಗೆಯ ಬೆಂಕಿಯ ಪಕ್ಕದಲ್ಲಿ ಓರೆಯಾಗಿ ನೆಟ್ಟು ಬೇಯಿಸುತ್ತಿದ್ದರು. ಇಂದಿನ ಸೀಡರ್ ಹಲಗೆಯ ಅಡುಗೆಗೆ ಇದೇ ಪ್ರೇರಣೆ ಎನ್ನಬಹುದು. ವರ್ಷದ ಮೊದಲ ಮೀನನ್ನು ಎಲ್ಲರೂ ಹಂಚಿ ತಿಂದು, ಮೂಳೆಗಳನ್ನು ನೀರಿಗೇ ಒಪ್ಪಿಸುವ ಆಚರಣೆ ಹಲವು ಬುಡಕಟ್ಟುಗಳಲ್ಲಿದೆ.

ರುಚಿ ಸುಲಭವಾಗಿ ಎಲ್ಲೆಡೆ ಹರಡಿತು. ಮೀನು ಹಿಡಿಯುವ ಹಕ್ಕು ಮಾತ್ರ ಆ ಜನರಿಗೆ ಸುಲಭವಾಗಿ ದಕ್ಕಲಿಲ್ಲ. 1854ರ ಮೆಡಿಸಿನ್ ಕ್ರೀಕ್ ಒಪ್ಪಂದದಲ್ಲಿ ಕೆಲವು ಬುಡಕಟ್ಟುಗಳು ತಮ್ಮ ಭೂಮಿಯನ್ನು ಬಿಟ್ಟುಕೊಟ್ಟರೂ, ವಾಡಿಕೆಯ ಸ್ಥಳಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡಿದ್ದವು. ಮುಂದೆ ವಾಷಿಂಗ್ಟನ್ ರಾಜ್ಯದ ಅಧಿಕಾರಿಗಳು ಆ ಹಕ್ಕನ್ನು ಮನ್ನಿಸಲಿಲ್ಲ. ನಿಸ್ಕ್ವಾಲಿ ಬುಡಕಟ್ಟಿನ ಬಿಲ್ಲಿ ಫ್ರಾಂಕ್ 1945ರಲ್ಲಿ, ಹದಿನಾಲ್ಕರ ಹರೆಯದಲ್ಲಿ, ಮೀನು ಹಿಡಿದದ್ದಕ್ಕಾಗಿ ಬಂಧಿತನಾದ. ಮುಂದಿನ ವರ್ಷಗಳಲ್ಲಿ ಅವರ ಬಂಧನಗಳ ಸಂಖ್ಯೆ ಐವತ್ತನ್ನು ಮೀರಿತು.

1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್, ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಒಪ್ಪಂದದ ಬುಡಕಟ್ಟುಗಳಿಗೆ ಸೇರಬೇಕೆಂದು ತೀರ್ಪಿತ್ತರು. 1979ರಲ್ಲಿ ಸುಪ್ರೀಂ ಕೋರ್ಟು ಅದನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. 2014ರಲ್ಲಿ ತೀರಿಕೊಂಡ ಫ್ರಾಂಕ್ ಅವರಿಗೆ ಮರುವರ್ಷ ಅಮೆರಿಕದ ಅತ್ಯುನ್ನತ ನಾಗರಿಕ ಗೌರವ ಸಂದಿತು.

ಆದರೆ ನದಿಯಲ್ಲಿ ಮೀನೇ ಇಲ್ಲವಾದರೆ ಅರ್ಧ ಪಾಲಿಗೆ ಏನು ಬೆಲೆ? ಅದೇ ರಾಜ್ಯದ ಎಲ್ವಾ ನದಿಗೆ 1913ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿನಲ್ಲಿ ಮೀನು ದಾಟಲು ದಾರಿಯನ್ನೇ ಬಿಟ್ಟಿರಲಿಲ್ಲ. 2011ರಿಂದ 2014ರವರೆಗೆ ಅದನ್ನೂ ಮೇಲಿನ ಇನ್ನೊಂದು ಅಣೆಕಟ್ಟನ್ನೂ ಒಡೆದು ತೆಗೆದರು. ಸಾಲ್ಮನ್ ಮತ್ತೆ ಮೇಲೇರತೊಡಗಿತು. 2023ರಲ್ಲಿ ಅಲ್ಲಿನ ಕ್ಲಾಲಮ್ ಜನ ಆ ನದಿಯಲ್ಲಿ ಪುನಃ ಮೀನು ಹಿಡಿದರು. ಹಲಗೆಯ ಮೇಲಿನ ಮೀನು ಹೊಳೆಯಿಂದಲೇ ಬರಬೇಕಷ್ಟೆ.