ಹಗುರ ವೆಬ್ ಸರ್ವರ್

ಹಗುರ ವೆಬ್ ಸರ್ವರ್ ಎಂದರೆ ಕೆಲವೇ ಎಂಬಿ ಮೆಮೊರಿಯಲ್ಲಿ, ಪುಟ್ಟ ಯಂತ್ರದಲ್ಲೂ ಓಡುತ್ತ, ಬ್ರೌಸರ್ ಕೇಳಿದ ಪುಟ, ಚಿತ್ರ, ಧ್ವನಿ ಕಡತಗಳನ್ನು ತೆಗೆದುಕೊಡುವ ತಂತ್ರಾಂಶ. ಲೈಟಿ ಮತ್ತು ಎಂಜಿನ್‌ಎಕ್ಸ್ ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿವೆ. ವೈಫೈ ರೌಟರ್‌ನ ಸೆಟ್ಟಿಂಗ್ ಪುಟ ತೆರೆದವರೆಲ್ಲ ಇಂಥದೊಂದು ಸರ್ವರನ್ನು ಅರಿಯದೆಯೇ ಬಳಸಿದ್ದಾರೆ.

1995ರಲ್ಲಿ ಬಂದ ಅಪಾಚೆ ಎಂಬ ವೆಬ್ ಸರ್ವರ್ ಮೊದಮೊದಲು ಒಂದೊಂದು ಸಂಪರ್ಕಕ್ಕೂ ಒಂದೊಂದು ಪ್ರೋಸೆಸ್ ಮೀಸಲಿಡುತ್ತಿತ್ತು. ಒಂದೇ ಯಂತ್ರ ಏಕಕಾಲಕ್ಕೆ 10,000 ಸಂಪರ್ಕಗಳನ್ನು ನಿಭಾಯಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಡ್ಯಾನ್ ಕೆಗೆಲ್ 1999ರಲ್ಲಿ ಮುಂದಿಟ್ಟರು. ಯಾನ್ ಕ್ನೆಶ್ಕೆ 2003ರಲ್ಲಿ ಲೈಟಿಯನ್ನು ಬರೆದದ್ದು ಆ ಪ್ರಶ್ನೆಗೆ ಉತ್ತರವಾಗಿ. ಇಗೋರ್ ಸಿಸೋಯೆವ್ 2002ರಲ್ಲಿ ಶುರುಮಾಡಿದ ಎಂಜಿನ್‌ಎಕ್ಸ್ 2004ರಲ್ಲಿ ಹೊರಬಂತು. ಎತ್ತಿಗೊಬ್ಬ ಕಿಲಾರಿಯನ್ನು (ದನಗಾಹಿಯನ್ನು) ಇಡದೆ, ಒಬ್ಬನೇ ಕಿಲಾರಿ ಇಡೀ ಹಿಂಡಿನ ಮೇಲೆ ಕಣ್ಣಿಟ್ಟು, ಕದಲಿದ ಎತ್ತಿನ ಕಡೆಗಷ್ಟೇ ಹೆಜ್ಜೆ ಹಾಕುವ ಕ್ರಮ ಇವುಗಳದು.

ಇಂಥ ಸರ್ವರ್‌ನ ನಿಜವಾದ ಬೆಲೆ ತಿಳಿಯುವುದು ಹಳ್ಳಿಯಲ್ಲಿ. ಇಂಟರ್ನೆಟ್ ಇಲ್ಲದಿದ್ದರೂ ಊರೊಳಗಿನ ವೈಫೈ ಮೂಲಕ ಫೋನುಗಳಿಗೆ ಅದು ಸಿಗುತ್ತದೆ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಬೆಂಗಳೂರಿನ ಜನಸ್ತು ಸಂಸ್ಥೆ ಸಮುದಾಯದ ವೈಫೈ ಜಾಲ ಕಟ್ಟಿ, ಊರವರ ದನಿಗಳನ್ನು ಅಲ್ಲಿಯೇ ದಾಖಲಿಸಿ ಅಲ್ಲಿಯೇ ಕೇಳಿಸುವ ಕೆಲಸ ಮಾಡಿದೆ. ಚಳ್ಳಕೆರೆ ತಾಲ್ಲೂಕಿಗೆ ಈ ಮಾದರಿ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಅಲ್ಲಿನ ನನ್ನಿವಾಳ ಮ್ಯಾಸಬೇಡ ಸಮುದಾಯದ ಕಟ್ಟೆಮನೆಗಳಲ್ಲಿ, ಅಂದರೆ ಸಾಂಪ್ರದಾಯಿಕ ಕೇಂದ್ರಗಳಲ್ಲಿ, ಒಂದು. ದೇವರ ಎತ್ತುಗಳ ಕಥನ ಇಲ್ಲಿ ಬಾಯಿಂದ ಬಾಯಿಗೆ ಬಂದದ್ದು. ಇದೇ ತಾಲ್ಲೂಕಿನ ಗೊಲ್ಲರಹಟ್ಟಿಯ ಜನಪದ ಹಾಡುಗಾರ್ತಿ ಸಿರಿಯಜ್ಜಿ ಸಾವಿರಾರು ಪದಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದರು. ಕೃಷ್ಣಮೂರ್ತಿ ಹನೂರರ ಸಂಗ್ರಹದಿಂದ ಅವು ಓದುಗರಿಗೆ ದಕ್ಕಿದವು, ಆದರೆ ಪುಸ್ತಕ ದನಿಯನ್ನು ಹಿಡಿಯಲಾರದು. ಸೆಕೆಂಡಿಗೆ 64 ಕಿಲೋಬಿಟ್ ದರದಲ್ಲಿ ಒಂದು ಗಂಟೆಯ ಹಾಡು ಸುಮಾರು 29 ಎಂಬಿ ಆಗುತ್ತದೆ. 32 ಜಿಬಿಯ ಒಂದು ಮೆಮೊರಿ ಕಾರ್ಡಿನಲ್ಲಿ, ಆಪರೇಟಿಂಗ್ ಸಿಸ್ಟಂಗೆ ಜಾಗ ಬಿಟ್ಟೂ, 800 ಗಂಟೆ ಹಿಡಿಸುತ್ತದೆ.

ಸ್ಥಾಪನೆ ಕಷ್ಟದ್ದಲ್ಲ. ಲಿನಕ್ಸ್ ಹಾಕಿದ ಹಳೆಯ ಲ್ಯಾಪ್‌ಟಾಪ್ ಸಾಕು, 512 ಎಂಬಿ ಮೆಮೊರಿಯ ರಾಸ್‌ಬೆರಿ ಪೈ ಝೀರೊ ಆದರೂ ನಡೆಯುತ್ತದೆ. ಡೆಬಿಯನ್ ವ್ಯವಸ್ಥೆಯಲ್ಲಿ ಲೈಟಿ ಒಂದೇ ಆದೇಶಕ್ಕೆ ಬಂದು ಕೂರುತ್ತದೆ. ಬಳಿಕ ಅದರ ಸಂರಚನಾ ಕಡತದಲ್ಲಿ ಮುಖ್ಯವಾಗಿ ಹೇಳಬೇಕಾದದ್ದು ಮೂರು: ಪುಟಗಳಿರುವ ಫೋಲ್ಡರ್ ಯಾವುದು, ಯಾವ ಪೋರ್ಟಿನಲ್ಲಿ ಕಿವಿಗೊಡಬೇಕು (ರೂಢಿಯದು 80), ಕಡತದ ಹೆಸರು ಹೇಳದೆ ಬಂದವರಿಗೆ ಯಾವ ಪುಟ ತೋರಿಸಬೇಕು. ತಿದ್ದಿದ ಕಡತವನ್ನು ಸರ್ವರ್‌ನಿಂದಲೇ ಪರೀಕ್ಷೆ ಮಾಡಿಸಿ, ತಪ್ಪಿಲ್ಲವೆಂದಾಗ ಮಾತ್ರ ಮತ್ತೆ ಚಾಲೂ ಮಾಡಬೇಕು. ಬ್ರೌಸರ್ ತೆರೆದಾಗ 404 ಎಂಬ ದೋಷ ಬಂದರೆ ಕಡತದ ಹೆಸರು ಅಥವಾ ದಾರಿ ತಪ್ಪಿದೆ. 403 ಬಂದರೆ ಬಹುತೇಕ ಕಡತ ಇದ್ದೂ ಅದನ್ನು ಓದುವ ಅನುಮತಿ ಸರ್ವರ್‌ಗೆ ಸಿಕ್ಕಿಲ್ಲ.

ಕನ್ನಡದ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ‘ನನ್ನಿವಾಳ’ ಎಂಬುದು ಕಣ್ಣಿಗೆ ನಾಲ್ಕು ಅಕ್ಷರ. ಒತ್ತು, ಗುಣಿತಗಳನ್ನು ಬಿಡಿಸಿದರೆ 8 ಸಂಕೇತ, ಅಂದರೆ 24 ಬೈಟ್. ಅದೇ ಹೆಸರನ್ನು ಕಡತಕ್ಕಿಟ್ಟು ಕೊಂಡಿಯನ್ನು ನಕಲಿಸಿದರೆ ಶೇಕಡಾ ಚಿಹ್ನೆಗಳೊಂದಿಗೆ 72 ಅಕ್ಷರಗಳ ಬಾಲವಾಗುತ್ತದೆ. ಹಾಗಾಗಿ ಕಡತಕ್ಕೆ ಅಂಕಿಯ ಹೆಸರು, ಪುಟದ ಶೀರ್ಷಿಕೆಗೆ ಕನ್ನಡದ ಹೆಸರು ಇಡುವುದು ಜಾಣತನ. ಪಠ್ಯ ಯುಟಿಎಫ್-8ರಲ್ಲಿದೆ ಎಂದು ಸರ್ವರೋ ಪುಟವೋ ಹೇಳದಿದ್ದರೆ ಬ್ರೌಸರ್ ಪ್ರತಿ ಸಂಕೇತವನ್ನೂ ಮೂರು ಅಪರಿಚಿತ ಗುರುತುಗಳಾಗಿ ಒಡೆದು ತೋರಿಸುವ ಸಾಧ್ಯತೆ ಇದೆ. ಫಾಂಟ್ ಕೆಟ್ಟಿದೆ ಎಂದು ಜನ ಅಂದುಕೊಳ್ಳುತ್ತಾರೆ, ಫಾಂಟಿನದೇನೂ ತಪ್ಪಿರುವುದಿಲ್ಲ. ಜಿಜಿಪ್ ಸಂಕುಚನವನ್ನು ಚಾಲೂ ಮಾಡಿದರೆ ಕನ್ನಡ ಪಠ್ಯದ ಹೊರೆ ಬಹಳ ಇಳಿಯುತ್ತದೆ. ಎಂಪಿ3ಗೆ ಅದು ಬೇಡ, ಆಗಲೇ ಅದುಮಿಟ್ಟ ಕಡತ ಅದು.

ಹಾಡನ್ನು ನಡುವಿನಿಂದ ಕೇಳಬೇಕಾದರೆ ಸರ್ವರ್‌ಗೆ ಕಡತದ ತುಂಡನ್ನಷ್ಟೇ ಕೊಡಲು ಬರಬೇಕು. ಲೈಟಿ, ಎಂಜಿನ್‌ಎಕ್ಸ್‌ಗೆ ಅದು ಬರುತ್ತದೆ. ಪೈಥಾನ್‌ನೊಂದಿಗೆ ಬರುವ ಸರಳ ಸರ್ವರ್ ಪರೀಕ್ಷೆಗಷ್ಟೇ ಸರಿ. ಫೋನಿನ ಬ್ರೌಸರ್‌ನಲ್ಲೇ ದನಿ ದಾಖಲಿಸುವ ಪುಟ ಮಾಡುವುದಾದರೆ ಎಚ್‌ಟಿಟಿಪಿಎಸ್ ಇಲ್ಲದೆ ಮೈಕ್ ತೆರೆಯುವುದಿಲ್ಲ. ಓದಲು ಕನ್ನಡ ವಿಕಿಪೀಡಿಯವನ್ನೂ ಇಟ್ಟುಕೊಳ್ಳಬಹುದು. ಕಿವಿಕ್ಸ್ ಎಂಬ ತಂತ್ರಾಂಶ ಅದನ್ನು ಇಂಟರ್ನೆಟ್ ಇಲ್ಲದೆ ಒದಗಿಸುತ್ತದೆ.

ಬಯಲುಸೀಮೆಯಲ್ಲಿ ಸಂರಚನೆಗಿಂತ ದೊಡ್ಡ ಪ್ರಶ್ನೆ ಕರೆಂಟು. ಬರೆಯುತ್ತಿರುವಾಗ ಕರೆಂಟು ಹೋದರೆ ಮೆಮೊರಿ ಕಾರ್ಡಿನ ದತ್ತಾಂಶ ಹಾಳಾಗಬಹುದು. ಲಾಗ್‌ಗಳನ್ನು ಕಾರ್ಡಿನ ಬದಲು ಮೆಮೊರಿಯಲ್ಲೇ ಬರೆಸಿದರೆ ಆ ಅಪಾಯ ತಗ್ಗುತ್ತದೆ. ಪೈ ಝೀರೊದಲ್ಲಿ ಬ್ಯಾಟರಿ ಗಡಿಯಾರವಿಲ್ಲ. ಇಂಟರ್ನೆಟ್ ಇಲ್ಲದ ಕಡೆ ಕರೆಂಟು ಬಂದ ಮೇಲೆ ಅದರ ದಿನಾಂಕ ಹಿಂದುಳಿಯುತ್ತದೆ, ದಾಖಲಿಸಿದ ಹಾಡಿಗೂ ತಪ್ಪು ದಿನಾಂಕ ಬೀಳುತ್ತದೆ. ಪುಟ್ಟ ಗಡಿಯಾರದ ಚಿಪ್ ಒಂದನ್ನು ಸೇರಿಸಿಕೊಂಡರೆ ಆ ತೊಂದರೆ ತೀರುತ್ತದೆ.

ಊರಿನ ಸರ್ವರನ್ನು ಹೊರಜಗತ್ತಿಗೆ ತೆರೆಯುವುದು ಬೇರೆಯೇ ಕೆಲಸ. ಎಷ್ಟೋ ಸಂಪರ್ಕಗಳಲ್ಲಿ ಹಲವು ಮನೆಗಳಿಗೆ ಸೇರಿ ಒಂದೇ ಸಾರ್ವಜನಿಕ ಐಪಿ ವಿಳಾಸ ಇರುವುದರಿಂದ ಹೊರಗಿನವರು ನೇರವಾಗಿ ಒಳಬರಲಾಗದು. ಬಾಡಿಗೆಯ ಸರ್ವರ್‌ಗೆ ಪ್ರತಿ ಕಳಿಸುವುದು ಸುಲಭದ ದಾರಿ. ಅಲ್ಲಿ ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಎಚ್‌ಟಿಟಿಪಿಎಸ್ ಪ್ರಮಾಣಪತ್ರ ಸಿಗುತ್ತದೆ, ಅದರ ನವೀಕರಣವನ್ನು ಯಂತ್ರಕ್ಕೇ ಒಪ್ಪಿಸಬೇಕು. ಹಾಡಿದವರು ಊರಾಚೆ ಬೇಡವೆಂದ ಪದಗಳನ್ನು ಬೇರೆ ಫೋಲ್ಡರಿನಲ್ಲಿಟ್ಟು, ಆ ಫೋಲ್ಡರನ್ನು ಕಳಿಸುವ ಪಟ್ಟಿಯಿಂದಲೇ ಕೈಬಿಡಬೇಕು. ಕಳಿಸಿಬಿಟ್ಟು ಆಮೇಲೆ ಪಾಸ್‌ವರ್ಡ್ ಹಾಕುವುದರಿಂದ, ಅಷ್ಟರಲ್ಲಿ ಇಳಿಸಿಕೊಂಡವರ ಕೈಯಿಂದ ಅವು ಹಿಂದಿರುಗುವುದಿಲ್ಲ.